ಅಮ್ಮನ ಪಟಕ್ಕೆ ನಾನು ಕೂತಿದ್ದು

ಅಮ್ಮ ತೀರಿಕೊಂಡಾಗ ನನಗೆ ಏಳು ವರ್ಷ. ತಮ್ಮ ಹುಟ್ಟಿ ಒಂಬತ್ತು ದಿನ. ಅವಳಿಗೆ ಆಗಷ್ಟೇ ಇಪ್ಪತ್ತನಾಲ್ಕು. ಅವಳದೆಂದು ಮನೆಯಲ್ಲಿ ಒಂದು ಫೋಟೋ ಕೂಡ ಇರಲಿಲ್ಲ. ಮದುವೆಯಾದ ಹೊಸದರಲ್ಲಿ ಅಪ್ಪ ಅವಳನ್ನು ಸ್ಟುಡಿಯೋಕ್ಕೆ ಕರೆದೊಯ್ಯಲು ಹೊರಟಿದ್ದರಂತೆ. ಅಪ್ಪನ ತಾಯಿ, ನನ್ನಜ್ಜಿ, ಬಾಗಿಲಿಗೆ ಅಡ್ಡ ನಿಂತು, "ಪಟ ತೆಗೆಸಿದ್ರೆ ಆಯಸ್ಸು ಕಮ್ಮಿ ಆಯ್ತದೆ, ಬ್ಯಾಡ" ಎಂದು ತಡೆದಿದ್ದರು.

ನಮ್ಮ ಮನೆ ಇದ್ದದ್ದು ಯಶವಂತಪುರದಲ್ಲಿ, ರೈಲು ಹಳಿಯಿಂದ ಎರಡು ಬೀದಿ ಈಚೆ. ಅಪ್ಪ ಗೂಡ್ಸ್ ಶೆಡ್ಡಿನಲ್ಲಿ ಗುಮಾಸ್ತರು. ಮತ್ತೆ ಮದುವೆಯಾಗಲಿಲ್ಲ. ಅಮ್ಮನ ತಿಥಿಯ ದಿನ ಅಜ್ಜಿ ಮಣೆಯ ಮೇಲೆ ಅವಳ ಸೀರೆ ಮಡಿಸಿಟ್ಟು ಹೂವೇರಿಸುತ್ತಿದ್ದರು. ತಮ್ಮನಿಗೆ ಒಂಬತ್ತು ತುಂಬಿದ ವರ್ಷ, ಸ್ಕೂಲಿನಿಂದ ಬಂದವನು ಚೀಲ ಇಳಿಸುವ ಮೊದಲೇ ಕೇಳಿದ:

"ಎಲ್ಲರ ಮನೇಲೂ ತೀರ್ಕೊಂಡೋರ ಫೋಟೋ ಇದೆ. ನಮ್ಮಮ್ಮಂಗೆ ಮುಖಾನೇ ಇರ್ಲಿಲ್ವಾ?"

ಒಲೆಯ ಮುಂದಿದ್ದ ಅಜ್ಜಿ ಹಾಗೇ ಕೂತುಬಿಟ್ಟರು. ಮೂರನೆಯ ದಿನ ನನ್ನ ಗಲ್ಲ ಹಿಡಿದೆತ್ತಿ ಬಹಳ ಹೊತ್ತು ನೋಡಿದರು. ನನಗಾಗ ಹದಿನಾರು.

"ನೀನು ಅವಳೇ ಕಣೇ. ಒಂದ್ಸಲ ಅವಳ ಸೀರೆ ಉಟ್ಕೊಂಡು ಕೂತ್ಕೊ. ಸಾಕು."

ತಮ್ಮನನ್ನು ಪಕ್ಕದ ಮನೆಯಲ್ಲಿ ಬಿಟ್ಟು ಮೂವರೂ ಮಲ್ಲೇಶ್ವರಕ್ಕೆ ನಡೆದೆವು. ಅಪ್ಪ ಸ್ಟುಡಿಯೋದ ಹೊರಗೇ ನಿಂತರು. ಒಳಗೆ ಸ್ಟುಡಿಯೋದ ಯಜಮಾನರು, ವಯಸ್ಸಾದವರು, "ಯಾರ ಫೋಟೋಮ್ಮ?" ಎಂದು ಕೇಳಿದರು.

"ನನ್ನ ಸೊಸೆದು. ತೀರ್ಕೊಂಡವ್ಳೆ."

"ಹಳೇ ಫೋಟೋ ಕೊಡಿ, ದೊಡ್ಡದು ಮಾಡಿಕೊಡ್ತೀನಿ."

ಅಜ್ಜಿ ನನ್ನತ್ತ ಕೈ ತೋರಿಸಿ, "ಇಗೋ, ಇಲ್ಲೇ ಅವ್ಳೆ" ಅಂದರು.

ಅವರು ನನ್ನನ್ನೊಮ್ಮೆ ನೋಡಿ, "ನೀನು ಪರದೆ ಹಿಂದೆ ಹೋಗಮ್ಮ" ಎಂದರು. ಪರದೆಯ ಹಿಂದೆ ಅಜ್ಜಿ ನನಗೆ ಅಮ್ಮನ ಸೀರೆ ಉಡಿಸಿ, ತುರುಬು ಕಟ್ಟಿ, ಅವಳ ಮೂಗುಬೊಟ್ಟು ಇಟ್ಟರು. ರವಿಕೆ ನನಗೇ ಅಳತೆ ತೆಗೆದು ಹೊಲಿದಂತೆ ಕೂತಿತು. ಈಚೆ ಬಂದಾಗ ಯಜಮಾನರು ಕುರ್ಚಿ ಸರಿಸಿ, "ಕೂತ್ಕೊಳ್ಳಿ, ಅಲ್ಲಾಡಬೇಡಿ" ಎಂದರು. ಐದು ನಿಮಿಷದ ಹಿಂದೆ ಅವರಿಗೆ ನಾನು "ನೀನು" ಆಗಿದ್ದೆ. ಅವರು ಕಪ್ಪು ಬಟ್ಟೆಯೊಳಗೆ ತಲೆ ತೂರಿಸಿದ ಮೇಲೆ ನಾನು ಉಸಿರು ಬಿಗಿಹಿಡಿದೆ. ಅಮ್ಮನೂ ಕೊನೆಯಲ್ಲಿ ಹೀಗೇ ಉಸಿರು ಹಿಡಿದಿದ್ದಳೇ ಎಂಬ ಯೋಚನೆ ಎಲ್ಲಿಂದಲೋ ಬಂತು. ಕಣ್ಣು ಮಿಟುಕಿಸಲಾಗಲಿಲ್ಲ.

ಹದಿನೈದು ದಿನಕ್ಕೆ ಪಟ ಬಂತು. ಯಜಮಾನರು ಪೆನ್ಸಿಲ್ ಆಡಿಸಿ ಕೆನ್ನೆ ತುಂಬಿಸಿದ್ದರು, ಕಣ್ಣಿನ ಕೆಳಗೆ ತುಸು ನೆರಳು ಕೊಟ್ಟಿದ್ದರು. ಅದು ನಾನಾಗಿರಲಿಲ್ಲ. ಅಮ್ಮನನ್ನು ಕಂಡಿದ್ದ ಪಕ್ಕದ ಮನೆಯಾಕೆ, "ಥೇಟ್ ಅವಳೇ ಕಣ್ರೀ" ಎಂದು ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅತ್ತರು. ಅಜ್ಜಿ ಗಾಜಿನ ಮೇಲೆ ಕುಂಕುಮ ಇಟ್ಟು, ಹಾರ ಹಾಕಿ ಗೋಡೆಗೆ ಏರಿಸಿದರು. ತಮ್ಮ ಅವತ್ತಿನಿಂದ ಅದರ ಕೆಳಗೇ ಚಾಪೆ ಹಾಸಿಕೊಂಡು ಮಲಗತೊಡಗಿದ. ಪರೀಕ್ಷೆಯ ಅಂಕಗಳನ್ನು ಮೊದಲು ಅದಕ್ಕೆ ಹೇಳುತ್ತಿದ್ದ. ಸ್ಟುಡಿಯೋದಲ್ಲಿ ಅಮ್ಮನ ಹಳೇ ಪಟ ಸಿಕ್ಕಿತೆಂದು ಅವನಿಗೆ ಹೇಳಿದ್ದ ಅಜ್ಜಿ, ನಿಜ ಹೇಳಕೂಡದೆಂದು ನನ್ನಿಂದ ಆಣೆ ಮಾಡಿಸಿಕೊಂಡಿದ್ದರು.

ಕೆಲವು ತಿಂಗಳಲ್ಲಿ ಅಜ್ಜಿಯೂ ಅದರೊಂದಿಗೆ ಮಾತಾಡತೊಡಗಿದರು. "ಮಳೆ ಬರಂಗಿದೆ, ಬಟ್ಟೆ ಎತ್ಬೇಕು" ಎಂಬ ಮಾತು ಕೇಳಿ ನಾನು ಅಡುಗೆಮನೆಯಿಂದ, "ಬಂದೆ ಅಜ್ಜಿ" ಎಂದರೆ, "ನಿನ್ಗಲ್ಲ ಕಣೇ" ಎನ್ನುತ್ತಿದ್ದರು.

ಒಂದು ಭಾನುವಾರ ಮಧ್ಯಾಹ್ನ ನಾನು ಹೂವು ಕಟ್ಟುತ್ತಿದ್ದೆ. ಅಪ್ಪ ಎದ್ದು ಪಟ ಇಳಿಸಿ, ಮುಖ ಗೋಡೆಗೆ ಮಾಡಿ ನೆಲಕ್ಕೆ ಒರಗಿಸಿದರು.

"ಯಾಕಪ್ಪ?"

"ಅವಳ ಮುಖ ಜ್ಞಾಪಕಕ್ಕೆ ಬರ್ತಿಲ್ಲ ಕಣಮ್ಮ. ಕಣ್ಮುಚ್ಚಿದ್ರೆ ನೀನು ಬಂದು ಕೂತ್ಕೋತೀಯ. ಅವಳು ಎಲ್ಲಿ ಹೋದ್ಲೋ."

ನಾನೂ ಕಣ್ಣು ಮುಚ್ಚಿದೆ. ಏಳು ವರ್ಷ ನೋಡಿದ್ದ ಮುಖ. ಬಂದದ್ದು ಸ್ಟುಡಿಯೋದ ಕುರ್ಚಿ, ಪೆನ್ಸಿಲ್ ನೆರಳಿನ ಎರಡು ಕಣ್ಣು. ಅಷ್ಟರಲ್ಲಿ ತಮ್ಮ ಒಳಗೆ ಬಂದು, "ಅಮ್ಮನ್ನ ಯಾಕೆ ಇಳಿಸಿದ್ರಿ?" ಎಂದು ಕಿರುಚಿದ. ಅಪ್ಪ ಅದನ್ನು ಮತ್ತೆ ಮೊಳೆಗೆ ತೂಗುಹಾಕಿದರು.

ನನಗೆ ಯಲಹಂಕದ ಕಡೆ ಮದುವೆಯಾಯಿತು. ಇಪ್ಪತ್ತನಾಲ್ಕಕ್ಕೆ ಬಸುರಿಯಾಗಿ ತವರಿಗೆ ಬಂದೆ. ಅಮ್ಮನ ವಯಸ್ಸು, ಅಮ್ಮನ ಸ್ಥಿತಿ. ತಿಥಿಯ ಬೆಳಿಗ್ಗೆ ಅಜ್ಜಿ ಹಾರ ಕೊಟ್ಟು, "ಹಾಕು" ಅಂದರು. ಪಟದೊಳಗೆ ಹಾರ ಹಾಕಿಸಿಕೊಳ್ಳಲು ಕಾದು ಕೂತವಳು ನಾನೇ. ಕೈ ಮೇಲೇಳಲಿಲ್ಲ. ಅಜ್ಜಿ ನನ್ನ ಮುಖ ನೋಡಿದರು, ಪಟ ನೋಡಿದರು. ಹಾರ ಅಲ್ಲೇ ಬಿಟ್ಟು ನನ್ನ ಹೊಟ್ಟೆಯ ಮೇಲೆ ಎರಡೂ ಅಂಗೈ ಊರಿ ಅತ್ತರು.

"ಅವಳ್ನ ಬ್ಯಾಡ ಅಂತ ತಡ್ದೆ. ನಿನ್ನ ಕರ್ಕೊಂಡೋಗಿ ಕೂರ್ಸ್ದೆ. ಏನ್ ಮಾಡ್ಬಿಟ್ಟೆ ಮಗ ನಾನು!"

ಹೆರಿಗೆಯಾಗುವ ತನಕ ಅವರು ನನ್ನನ್ನು ಒಂದು ಗಳಿಗೆಯೂ ಒಬ್ಬಳನ್ನೇ ಬಿಡಲಿಲ್ಲ. ಹೆಣ್ಣು ಮಗು. ನನಗೇನೂ ಆಗಲಿಲ್ಲ. ಇಪ್ಪತ್ತೈದು ತುಂಬಿದ ದಿನ ಪಟದ ಮುಂದೆ ನಿಂತಾಗ, ಅವಳು ನನಗಿಂತ ಚಿಕ್ಕವಳಾಗಿ ಕಂಡಳು.

ಅಜ್ಜಿ ಹೋದರು, ಬಹಳ ವರ್ಷದ ಮೇಲೆ ಅಪ್ಪನೂ ಹೋದರು. ಅಪ್ಪನ ಕಾರ್ಯ ಮುಗಿದ ಮರುದಿನ ತಮ್ಮನಿಗೆ ಎಲ್ಲ ಹೇಳಿಬಿಟ್ಟೆ. ಅವನು ಪಟದ ಕಡೆ ತಿರುಗಲಿಲ್ಲ.

"ಹಾಗಾದ್ರೆ ಇಷ್ಟು ವರ್ಷ ನಾನು ಕೈ ಮುಗಿದಿದ್ದು ಯಾರಿಗಕ್ಕ?"

ಅವನೇ ಬಂದು ನನ್ನ ಪಕ್ಕ ಕೂತು, "ಅಮ್ಮ ಹೆಂಗಿದ್ಲು? ನಿಂಗೆ ನೆನಪಿರೋದು ಹೇಳು" ಎಂದ.

ಹೇಳಿದೆ. ಮುದ್ದೆ ಕಟ್ಟುವಾಗ ಅಂಗೈ ಸುಟ್ಟು ಉಫ್ ಉಫ್ ಎನ್ನುತ್ತಿದ್ದದ್ದು, ಬಲಗಾಲ ಹಿಮ್ಮಡಿಯ ಬಿರುಕು, ರೈಲು ಕೂಗಿದರೆ ನನ್ನ ಕಿವಿ ಮುಚ್ಚುತ್ತಿದ್ದದ್ದು, ನಗುವಾಗ ಬರುತ್ತಿದ್ದ ಸಣ್ಣ ಬಿಕ್ಕಳಿಕೆ. ಅವನು ಮಧ್ಯೆ ಮಧ್ಯೆ "ಆಮೇಲೆ?" ಎನ್ನುತ್ತಿದ್ದ. ಮಧ್ಯಾಹ್ನದ ಊಟಕ್ಕೆ ಕರೆಯುವವರೆಗೂ ಕೂತಿದ್ದೆವು. ಮುಖವೊಂದನ್ನು ಬಿಟ್ಟು ಎಲ್ಲವನ್ನೂ ಹೇಳಿದೆ.