ಬದುಕಿದ್ದವಳಿಗೆ ಇಟ್ಟ ಎಡೆ

ಅಂಬುಜಮ್ಮನ ಬಾಯಿಗೆ ಹೆದರದವರು ಚಾಮರಾಜಪುರಂನಲ್ಲಿ ಯಾರೂ ಇರಲಿಲ್ಲ. ಹಾಲಿನವನು ಅವಳ ಪಾತ್ರೆಗೆ ಮಾತ್ರ ನೀರು ಬೆರೆಸುತ್ತಿರಲಿಲ್ಲ. ಗಂಡ ಸತ್ತ ಮೇಲೆ ಹಪ್ಪಳ ಒತ್ತಿ ಮಾರಿ ಬದುಕಿದ ಹೆಂಗಸು. ಹಿಟ್ಟು ಕುಟ್ಟುವಾಗ ಬೀದಿಯವರನ್ನೆಲ್ಲ ಹೆಸರು ಹಿಡಿದು ಬೈಯುತ್ತಿದ್ದಳು. ಪಕ್ಕದ ಮನೆಯ ನಾನೂ ನನ್ನ ಪಾಲಿನದನ್ನು ಬೈಸಿಕೊಂಡಿದ್ದೇನೆ. ಆದರೂ ಅವಳ ತಮ್ಮ ಚಿಕ್ಕಣ್ಣನ ಬೆಣ್ಣೆ ಮಾತಿಗಿಂತ ಅವಳ ಬೈಗುಳವೇ ವಾಸಿ ಎಂದು ಆಗಲೂ ಅನ್ನುತ್ತಿದ್ದೆ, ಈಗಲೂ ಅನ್ನುತ್ತೇನೆ.

ಇಂಥ ಬಾಯಿ ಒಂದು ಸಂಗತಿಯಲ್ಲಿ ಮಾತ್ರ ವರ್ಷಗಟ್ಟಲೆ ಮುಚ್ಚಿಕೊಂಡಿತ್ತು.

ಅವರಿಬ್ಬರಿಗೂ ಕಿರಿಯವಳು ದೇವಿರಮ್ಮ. ಇಲವಾಲಕ್ಕೆ ಕೊಟ್ಟಿದ್ದರು. ಹೆತ್ತ ಮಗು ಸತ್ತ ಮೇಲೆ ಅವಳ ಮನಸ್ಸು ಕೆಟ್ಟಿತು. ಗಂಡನ ಮನೆಯವರು ಅವಳನ್ನು ತವರಿಗೆ ತಂದು ಬಿಟ್ಟು, ಬೇರೆ ಹೆಣ್ಣು ತಂದುಕೊಂಡರು. ಚಿಕ್ಕಣ್ಣ ಸೌದೆ ಡಿಪೋ ಇಟ್ಟು ನಾಲ್ಕು ಕಾಸು ಕಂಡಿದ್ದವನು. ಮನೆಯಲ್ಲಿ ಬೆಳೆಯುತ್ತಿದ್ದ ಮೂವರು ಹೆಣ್ಣುಮಕ್ಕಳು. ತಂಗಿಯನ್ನು ಬೆಂಗಳೂರಿನ ಆಸ್ಪತ್ರೆಗೆ ಸೇರಿಸಿ ಬಂದ. ಹಿರಿಮಗಳಿಗೆ ಮಂಡಕಳ್ಳಿಯ ಸಂಬಂಧ ಕುದುರುವ ಹೊತ್ತಿಗೆ, "ಮೆದುಳು ಜ್ವರ ಬಂದು ಹೋಗ್ಬುಟ್ಲು" ಎಂದು ಎಲ್ಲರಿಗೂ ಹೇಳಿ ತಿಥಿಯನ್ನೂ ಮಾಡಿಬಿಟ್ಟ. ನಾವೂ ಹೋಗಿ ವಡೆ ಪಾಯಸ ಉಂಡು ಬಂದೆವು.

ಅಂಬುಜಮ್ಮ ನಂಬಲಿಲ್ಲ. ತಾನೇ ರೈಲು ಹತ್ತಿ ಹೋದಳು. ಸತ್ತಿದ್ದ ತಂಗಿ ಆಸ್ಪತ್ರೆಯ ಜಗಲಿಯಲ್ಲಿ ಕೂತು ಅವರೆಕಾಯಿ ಬಿಡಿಸುತ್ತಿದ್ದಳು. ಹಿಂದಿರುಗಿದವಳೇ ತಮ್ಮನ ಮನೆಗೆ ನುಗ್ಗಿದಳು. ಅವನು ಕಾಲು ಹಿಡಿದುಕೊಂಡ.

"ಹುಚ್ಚಿ ಇರೋ ಮನೆ ಹೆಣ್ಣ ಯಾರ್ ತಕ್ಕೊಂಡಾರಕ್ಕ? ಮೂರೂ ಮದ್ವೆ ಆಗೋಗ್ಲಿ. ಆಮ್ಯಾಕೆ ನಾನೇ ಕರ್ಕೊಂಡ್ ಬತ್ತೀನಿ."

ಹೆಣ್ಣುಮಕ್ಕಳ ಬಾಳು ಎಂದು ಅಂಬುಜಮ್ಮ ಬಾಯಿಗೆ ಬೀಗ ಹಾಕಿಕೊಂಡಳು.

ಪ್ರತಿ ವರ್ಷ ಪಕ್ಷದ ಹಬ್ಬದಲ್ಲಿ ಸತ್ತ ಹಿರಿಯರ ಜೊತೆಗೆ ಚಿಕ್ಕಣ್ಣ ತಂಗಿಗೂ ಎಡೆ ಇಡುತ್ತಿದ್ದ. ಇಡದಿದ್ದರೆ ನೆಂಟರು ಕೇಳುತ್ತಾರಲ್ಲ! ಎಲೆಯ ತುಂಬ ಕಜ್ಜಾಯ, ವಡೆ. ಪಕ್ಕದಲ್ಲಿ ಹೊಸ ಸೀರೆ. ಎಡೆಗಿಟ್ಟ ಸೀರೆಯನ್ನು ಆಮೇಲೆ ಮನೆಯ ಹೆಣ್ಣೊಬ್ಬಳು ಉಡುವುದು ರೂಢಿ. "ಅದು ನಂದು" ಎಂದು ಅಂಬುಜಮ್ಮ ಕಿತ್ತುಕೊಂಡು ಬರುತ್ತಿದ್ದಳು. ಆಸೆಬುರುಕಿ ಎಂದು ಚಿಕ್ಕಣ್ಣನ ಹೆಂಡತಿ ಆಡಿಕೊಳ್ಳುತ್ತಿದ್ದಳು. ಅವುಗಳಲ್ಲಿ ಒಂದನ್ನಾದರೂ ಅಂಬುಜಮ್ಮ ಉಟ್ಟಿದ್ದನ್ನು ನಾನಂತೂ ಕಾಣಲಿಲ್ಲ.

ಐವತ್ತೊಂಬತ್ತನೇ ಇಸವಿಯಲ್ಲಿ ಕೊನೆಯ ಹುಡುಗಿಯ ಮದುವೆಯೂ ಮುಗಿಯಿತು. ದೇವಿರಮ್ಮ ವಾಸಿಯಾಗಿದ್ದಾಳೆ, ಮನೆಯವರು ಕರೆದುಕೊಂಡು ಹೋಗಬಹುದು ಎಂದು ಡಾಕ್ಟರು ಹೇಳಿದರು. ಚಿಕ್ಕಣ್ಣ ಇವತ್ತು ನಾಳೆ ಎನ್ನುತ್ತ ದಿನ ತಳ್ಳಿದ. ಅಷ್ಟರಲ್ಲಿ ನಿಧಿ ಸಮಿತಿಯವರು ಬಂದರು.

ಸಮಿತಿಯ ಕಾರ್ಯದರ್ಶಿ ವೃಷಭೇಂದ್ರಪ್ಪನವರು ರಿಟೈರಾದ ಅಮಲ್ದಾರರು. ಜರಿಪೇಟದ ಭಾರಕ್ಕೋ ಏನೋ, ದುಡ್ಡಿದ್ದವರ ಮುಂದೆ ಅವರ ತಲೆ ತಾನಾಗಿಯೇ ಬಾಗುತ್ತಿತ್ತು. ವಿಶ್ವವಿದ್ಯಾನಿಲಯದಲ್ಲಿ ಮನಸ್ಸಿನ ರೋಗ, ಮೆದುಳು ಇವುಗಳ ಸಂಶೋಧನೆಗೆ ಒಂದು ಕೊಠಡಿ ಕಟ್ಟಿಸಲು ಚಂದಾ ಎತ್ತುತ್ತಿದ್ದರು. ಹುಚ್ಚು ಎಂಬ ಮಾತು ಕೇಳಿಯೇ ನಮ್ಮ ಬೀದಿಯವರು ಬಾಗಿಲು ಹಾಕಿಕೊಂಡರು. ದುಡ್ಡು ಕೊಟ್ಟು ರೋಗವನ್ನು ಮನೆಗೆ ಕರೆಯೋದುಂಟೆ ಎಂದು ಎದುರುಮನೆಯ ಸರೋಜಮ್ಮ ಹೊಸಿಲಿಗೆ ನೀರು ಹಾಕಿ ತೊಳೆದಳು. ಓದಿದ ಹೆಂಗಸು ಬೇರೆ.

ಕೊನೆಗೆ ವೃಷಭೇಂದ್ರಪ್ಪನವರು ಸೌದೆ ಡಿಪೋಗೆ ಹೋದರು. "ನಿಮ್ಮ ತಂಗಿಯವರು ಮೆದುಳು ಜ್ವರದಲ್ಲೇ ಹೋದವರಲ್ಲವೆ? ನೀವು ಕೊಡದೆ ಇನ್ಯಾರು ಕೊಡಬೇಕು ಚಿಕ್ಕಣ್ಣನವರೆ? ಕೊಠಡಿಗೆ ಅವರ ಹೆಸರೇ ಇಡೋಣ. ಕಲ್ಲು ಕೆತ್ತಿಸೋಣ."

ತಾನು ಹೇಳಿದ ಸುಳ್ಳು ತನ್ನ ಬುಡಕ್ಕೇ ಬಂತೆಂದು ಚಿಕ್ಕಣ್ಣ ಮೊದಲು ಬೆವರಿದ. ಆಮೇಲೆ ಅವನಿಗೆ ಹೊಳೆಯಿತು: ಕಲ್ಲಿನ ಮೇಲೆ ಸತ್ತವಳು ಮತ್ತೆ ಮನೆಗೆ ಬರುವಂತಿಲ್ಲ. ಕೇಳಿದಷ್ಟೂ ಕೊಟ್ಟ.

ಸುದ್ದಿ ತಿಳಿದು ಅಂಬುಜಮ್ಮ ಡಿಪೋಗೆ ಹೋದಾಗ ನಾನೂ ಸೌದೆಗೆಂದು ಅಲ್ಲೇ ನಿಂತಿದ್ದೆ.

"ಕಲ್ಲಲ್ಲಿ ಬರ್ಸಾಯ್ತು ಕಣಕ್ಕ, ಇನ್ ಸುಮ್ಕಿರು. ಈಗ ಅವ್ಳು ಬಂದ್ರೆ ಅಳಿಯಂದ್ರು ನನ್ ಮಕ್ಳನ್ನ ತಂದ್ ಬುಡ್ತಾರೆ."

"ಅಂಗಾರೆ ಅವ್ಳು ಎಲ್ಲಿರ್ಬೇಕ್ಲಾ?"

"ಇರೋ ಕಡೇಲೇ ಇರ್ಲಿ. ಅನ್ನ ಹಾಕ್ತಾವ್ರಲ್ಲ."

ಅಂಬುಜಮ್ಮ ಬೈಯಲಿಲ್ಲ. ಸೆರಗು ಸರಿಮಾಡಿಕೊಂಡು ಹೊರಟುಹೋದಳು. ಬುದ್ಧಿಯಿದ್ದಿದ್ದರೆ ಚಿಕ್ಕಣ್ಣ ಅದಕ್ಕೇ ಹೆದರಬೇಕಾಗಿತ್ತು. ದಾರಿಯುದ್ದಕ್ಕೂ ಅವಳು ನನಗೆ ಎಲ್ಲವನ್ನೂ ಹೇಳಿದಳು. ಬದುಕಿದ್ದವಳ ಆ ತಿಥಿಯಲ್ಲಿ ನಾನು ಪಾಯಸವನ್ನು ಎರಡು ಸಲ ಬಡಿಸಿಕೊಂಡು ಉಂಡಿದ್ದೆ.

ಕೊಠಡಿಯ ಪ್ರಾರಂಭ ಶ್ರಾವಣದಲ್ಲಿ ನಡೆಯಿತು. ಶಾಮಿಯಾನ, ಕುರ್ಚಿ, ಗುಲಾಬಿ ಹಾರ. ಚಿಕ್ಕಣ್ಣ ವೇದಿಕೆಯ ಮೇಲೆ ಕಚ್ಚೆಪಂಚೆ ಉಟ್ಟು ಶೋಕದ ಮುಖ ಮಾಡಿ ಕೂತಿದ್ದ. ನಾನು ಅಂಬುಜಮ್ಮನ ಜೊತೆ ಹಿಂದಿನ ಸಾಲಿನಲ್ಲಿದ್ದೆ. ನಮ್ಮಿಬ್ಬರ ನಡುವೆ, ಕೆಂಪು ಅಂಚಿನ ಹಸಿರು ಸೀರೆಯುಟ್ಟು, ಹಿಂದಿನ ದಿನ ಅಕ್ಕನೇ ಹೋಗಿ ರೈಲಿನಲ್ಲಿ ಕರೆತಂದಿದ್ದ ದೇವಿರಮ್ಮ. ತೆಳ್ಳಗಾಗಿದ್ದಳು, ಕೂದಲು ನರೆತಿತ್ತು.

ವೃಷಭೇಂದ್ರಪ್ಪನವರು ಪರದೆ ಸರಿಸಿದರು. "ದಿವಂಗತ ದೇವಿರಮ್ಮನವರ ಜ್ಞಾಪಕಾರ್ಥ, ಸೋದರ ಚಿಕ್ಕಣ್ಣನವರಿಂದ" ಎಂದು ಕಲ್ಲನ್ನು ಗಟ್ಟಿಯಾಗಿ ಓದಿದರು. ಮೃತರ ಆತ್ಮಶಾಂತಿಗಾಗಿ ಎಲ್ಲರೂ ಎದ್ದು ಒಂದು ನಿಮಿಷ ಮೌನವಾಗಿರಬೇಕೆಂದು ಕೋರಿದರು. ಎಲ್ಲರೂ ಎದ್ದರು. ದೇವಿರಮ್ಮನೂ ಎದ್ದು ನಿಂತು ತಲೆ ಬಗ್ಗಿಸಿದಳು.

ಎಲ್ಲರೂ ಕೂತರು. ಅವಳು ಕೂರಲಿಲ್ಲ. ನೆಟ್ಟಗೆ ಕಲ್ಲಿನ ಹತ್ತಿರ ಹೋದಳು.

"ಯಾರಮ್ಮ ನೀವು? ನಿಮ್ಮ ಹೆಸರೇನು?" ಎಂದರು ವೃಷಭೇಂದ್ರಪ್ಪನವರು.

"ಇಲ್ಲೇ ಬರ್ಸಿದ್ದೀರಲ್ಲ ಸ್ವಾಮಿ."

ಅವರಿಗೆ ಅರ್ಥವಾಗಲಿಲ್ಲ. ಚಿಕ್ಕಣ್ಣನಿಗೆ ಆಯಿತು. "ಯಾವ್ಳೋ ಹುಚ್ಚಿ, ಆಚೆ ಕಳ್ಸಿ" ಎಂದ. ಹುಚ್ಚು ವಾಸಿಮಾಡುವ ವಿದ್ಯೆಗೆ ದುಡ್ಡು ಕೊಟ್ಟ ಮಹಾನುಭಾವ, ಅದೇ ಕೊಠಡಿಯ ಮುಂದೆ ಕೂತು ಆಡಿದ ಮಾತಿದು.

ದೇವಿರಮ್ಮ ಸೆರಗನ್ನು ಎರಡೂ ಕೈಯಲ್ಲಿ ಹಿಡಿದು ಅವನ ಮುಂದೆ ಚಾಚಿದಳು. "ಸೀರೆ ಗುರ್ತು ಸಿಕ್ನಿಲ್ವಾ ಅಣ್ಣ? ಓದ್ ಸಲ ಪಕ್ಷದಲ್ಲಿ ನಂಗೆ ಅಂತ ನೀನೇ ಎಡೆ ಇಟ್ಟಿದ್ದು. ಅಕ್ಕ ವರ್ಷ ವರ್ಷಾನೂ ತಂದ್ ಕೊಟ್ಲು."

ಎಡೆ ಎಂದ ಮೇಲೆ ಯಾರಿಗೂ ವಿವರಿಸಬೇಕಾಗಿರಲಿಲ್ಲ. ಮುಂದಿನ ಸಾಲಿನಲ್ಲಿದ್ದ ಮೂವರು ಅಳಿಯಂದಿರೂ ಮಾವನ ಮುಖ ನೋಡಿದರು. ಚಿಕ್ಕಣ್ಣ ಕಲ್ಲನ್ನು ನೋಡುತ್ತ ಕೂತುಬಿಟ್ಟ.

ಅಳಿಯಂದಿರು ಹೆಂಡತಿಯರನ್ನು ಬಿಡಲಿಲ್ಲ. ಮಾವನ ಮನೆಗೆ ಬರುವುದನ್ನು ಮಾತ್ರ ಬಿಟ್ಟರು. ಸಮಿತಿಯವರು ಕಲ್ಲು ತೆಗೆಸಿ ಗೋಡೆಗೆ ಸುಣ್ಣ ಬಳಿಸಿದರು. ದೇವಿರಮ್ಮ ಅಕ್ಕನ ಮನೆಯಲ್ಲೇ ಉಳಿದು ಹಪ್ಪಳ ಒತ್ತಿದಳು. ಹುಚ್ಚಿಯ ಕೈಯ ಹಪ್ಪಳ ಬೇಡವೆಂದ ಮನೆಗಳ ಮುಂದೆ ಅಂಬುಜಮ್ಮ ನಿಂತು ಆಡಿದ ಮಾತುಗಳನ್ನು ಬರೆಯುವಂತಿಲ್ಲ.

ಗೌರಿ ಹಬ್ಬ ಬಂತು. ಬದುಕಿರುವ ತಂಗಿಗೆ ಅಣ್ಣ ಬಾಗಿನ ಕಳಿಸಬೇಕು. ದೇವಿರಮ್ಮ ದಿನವಿಡೀ ಬಾಗಿಲ ಕಡೆ ನೋಡಿದಳು. ಬರಲಿಲ್ಲ. ಸತ್ತವಳಿಗೆ ತಪ್ಪದೆ ಸೀರೆ ತಂದವನು ಬದುಕಿದವಳಿಗೆ ಒಂದು ಅರಿಶಿನದ ಕೊಂಬನ್ನೂ ಕಳಿಸಲಿಲ್ಲ.

ಮುಂದಿನ ಅಮಾವಾಸ್ಯೆಗೆ ಪಕ್ಷ. ಅಂಬುಜಮ್ಮ ತನ್ನ ಗಂಡನಿಗೆ ಎಡೆ ಇಟ್ಟಳು. ಪಕ್ಕದಲ್ಲಿ ಇನ್ನೊಂದು ಎಲೆ ಹಾಕಿ, ಕಜ್ಜಾಯ ಬಡಿಸಿ, ಹೊಸ ಕಚ್ಚೆಪಂಚೆ ಮಡಿಸಿಟ್ಟಳು.

"ಇದು ಯಾರಿಗೆ ಅಂಬುಜಮ್ಮ?" ಎಂದೆ.

"ಚಿಕ್ಕಣ್ಣನ್ಗೆ" ಎಂದು ಕರ್ಪೂರ ಹಚ್ಚಿದಳು.

ಆ ಹೊತ್ತಿಗೆ ಚಿಕ್ಕಣ್ಣ ಡಿಪೋದಲ್ಲಿ ಸೌದೆ ತೂಗಿಸುತ್ತಿದ್ದ. ಆ ಎಡೆಯ ಕಜ್ಜಾಯ ನಾನೂ ತಿಂದೆ. ಚೆನ್ನಾಗಿತ್ತು.