ಹುಬ್ಬಳ್ಳಿಗೆ ರೇಡಿಯೋ ನೋಡಲು ಹೋದದ್ದು

ನಮ್ಮ ಮನೆಯ ರೇಡಿಯೋ ಕೆಟ್ಟಿರಲಿಲ್ಲ. ಕೆಟ್ಟಿದ್ದು ನನ್ನ ಗಂಡನ ಕಿವಿ. ಇದು ನನಗೆ ಎರಡು ವರ್ಷದಿಂದ ಗೊತ್ತಿತ್ತು, ಅವರಿಗೆ ಗೊತ್ತಿರಲಿಲ್ಲ. ಹೇಳಬೇಕಾದವಳು ನಾನೇ ಆಗಿದ್ದೆ. ಬಿಡಿಸಿ ಹೇಳಲಿಲ್ಲ.

ಲಕಮನಹಳ್ಳಿಯ ಒಂದು ಕಾರ್ಖಾನೆಯಲ್ಲಿ ತಗಡು ಬಡಿಯುವ ಯಂತ್ರದ ಮುಂದೆ ಮೂವತ್ತು ವರ್ಷ ನಿಂತವರು ಅವರು. ಕಿವಿಗೆ ಹತ್ತಿಯಾದರೂ ಇಟ್ಟುಕೊಳ್ಳಿ ಎಂದರೆ, ‘ಹತ್ತಿ ಇಟ್ಟಕೊಳ್ಳಾಕ ನಾ ಏನ್ ಹೆಣಾ ಏನ?’ ಎಂದು ನಕ್ಕು ಸೈಕಲ್ ಹತ್ತುತ್ತಿದ್ದರು. ಹೊಸ ಶತಮಾನ ಬಂದ ವರ್ಷ ನಿವೃತ್ತರಾದರು. ಆಮೇಲೆ ಬೆಳಗಿನ ಚಹಾದಿಂದ ರಾತ್ರಿಯ ಊಟದವರೆಗೆ ರೇಡಿಯೋವೇ ಅವರ ಡ್ಯೂಟಿ. ನನಗೆ ಪ್ರಾಥಮಿಕ ಶಾಲೆಯಲ್ಲಿ ಇನ್ನೂ ಐದು ವರ್ಷದ ನೌಕರಿ ಬಾಕಿ ಇತ್ತು.

‘ರೇಡಿಯೋ ಸ್ಟೇಶನ್ ನಮ್ಮ ಧಾರವಾಡದಾಗನ ಐತಿ. ಸೈಕಲ್ ಮ್ಯಾಲೆ ಹೋಗಿ ಬರಬಹುದು. ಅಲ್ಲಿಂದ ಮನೀತನಕ ಆವಾಜ ಬರೂದ್ರಾಗ ಏನ್ ಧಾಡಿ ಆಗತೈತಿ?’ ಎಂದು ಸಿಟ್ಟಾಗುತ್ತಿದ್ದರು. ವಾರ್ತೆ ಓದುವವರು ಬಾಯಲ್ಲಿ ಅಡಿಕೆ ಇಟ್ಟುಕೊಂಡು ಓದುತ್ತಾರಂತೆ. ಹಾಡಿನ ಹಿಂದೆ ಗುಂಯ್ ಎನ್ನುವ ಸಪ್ಪಳ ಬರುತ್ತದಂತೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ನಾನು ಮನಸ್ಸಿನಲ್ಲೇ ಅಂದುಕೊಳ್ಳುತ್ತಿದ್ದೆ. ಒಮ್ಮೆ ಸ್ಟೇಶನ್ನಿಗೆ ತಕರಾರಿನ ಕಾರ್ಡು ಬರೆದು, ಶಾಲೆಗೆ ಹೋಗುವಾಗ ಡಬ್ಬಿಗೆ ಹಾಕು ಎಂದು ನನ್ನ ಕೈಗೆ ಕೊಟ್ಟರು. ಪಾಪ, ಆ ವಾರ್ತೆ ಓದುವ ಹೆಣ್ಣುಮಗಳು ಏನು ತಪ್ಪು ಮಾಡಿದ್ದಳು? ಆ ಕಾರ್ಡು ನನ್ನ ಪರ್ಸಿನಲ್ಲೇ ಉಳಿಯಿತು.

ರೇಡಿಯೋವನ್ನು ಎರಡು ಸಲ ರಿಪೇರಿಗೆ ಕೊಟ್ಟೆವು. ಎರಡನೆಯ ಸಲ ತರಲು ನಾನೊಬ್ಬಳೇ ಹೋಗಿದ್ದೆ. ರಿಪೇರಿಯವನು ಅದನ್ನು ಬಟ್ಟೆಯಿಂದ ಒರೆಸಿ ಕೊಡುತ್ತ, ‘ಅಕ್ಕಾರ, ರೇಡಿಯೋಕ್ಕ ಏನೂ ಆಗಿಲ್ರಿ. ಸಾಹೇಬ್ರ ಕಿವಿ ಒಮ್ಮೆ ತೋರಸ್ರಿ’ ಎಂದ. ಆ ಸಂಜೆಯೇ ಮೆಲ್ಲಗೆ ವಿಷಯ ಎತ್ತಿದೆ. ‘ನನ್ನ ಕಿವುಡ ಅಂತೀ ಏನ?’ ಎಂದು ತಾಟು ಸರಿಸಿ ಎದ್ದರು. ಎರಡು ದಿನ ಊಟಕ್ಕೆ ಕೂರಲಿಲ್ಲ. ಸಾಕಪ್ಪಾ ಸಾಕು ಎಂದು ನಾನೂ ಕೈಬಿಟ್ಟೆ.

ಖರೇ ಹೇಳಬೇಕೆಂದರೆ, ನನಗೆ ದಣಿವಾಗಿತ್ತು. ದಿನವಿಡೀ ಅರವತ್ತು ಹುಡುಗರ ಮುಂದೆ ಗಂಟಲು ಹರಿದುಕೊಂಡು ಮನೆಗೆ ಬಂದರೆ ಇಲ್ಲಿ ಒಂದೊಂದು ಮಾತನ್ನೂ ಮೂರು ಮೂರು ಸಲ ಹೇಳಬೇಕು. ನಮ್ಮ ಓಣಿಗೆ ವಾರಕ್ಕೊಮ್ಮೆ ನಳದ ನೀರು. ‘ನಳಾ ಬಂದಾವ್ರಿ!’ ಎಂದು ನಾನು ಅಡುಗೆಮನೆಯಿಂದ ಕೂಗುವುದು, ಅವರು ‘ಯಾರ ಬಂದಾರ?’ ಎಂದು ಬಾಗಿಲು ತೆಗೆಯಲು ಹೋಗುವುದು, ಕೊಡಗಳನ್ನು ನಾನೇ ಎತ್ತುವುದು. ಬರಬರುತ್ತ ನಾನು ಮಾತು ಕಡಿಮೆ ಮಾಡಿದೆ. ಊಟಕ್ಕೆ ಕರೆಯಬೇಕಾದರೆ ತಾಟು ಬಡಿದೆ. ಚಹಾ ಬೇಕೇ ಎಂದು ಲೋಟ ಎತ್ತಿ ತೋರಿಸಿದೆ. ಶಾಲೆಯಲ್ಲಿ ನಡೆದದ್ದನ್ನು ಹೇಳುವುದನ್ನಂತೂ ಪೂರ್ತಿ ಬಿಟ್ಟೆ. ಅವರು ಕೇಳಲೂ ಇಲ್ಲ. ಗಂಟಲಿಗೆ ಆರಾಮವಾಯಿತು. ನಾಚಿಕೆಯ ಮಾತು, ಆದರೆ ಮನಸ್ಸಿಗೂ ಆರಾಮವಾಯಿತು.

ಹೀಗಿರುವಾಗ ಅವರ ಹಳೆಯ ಜೊತೆಗಾರರೊಬ್ಬರು ಡಿಜಿಟಲ್ ರೇಡಿಯೋ ತಂದರು. ಇವರು ನೋಡಿಕೊಂಡು ಬಂದು ಕುಣಿದಾಡಿದರು. ಕಿಟಕಿಯಲ್ಲಿ ಹಪ್ಪಳದಷ್ಟು ಅಗಲದ ಕರಿ ತಟ್ಟೆ ಇಟ್ಟರೆ ಉಪಗ್ರಹದಿಂದ ಸೀದಾ ಮನೆಗೆ ಹಾಡು. ಹಗಲೂ ರಾತ್ರಿ ಶಾಸ್ತ್ರೀಯ ಸಂಗೀತಕ್ಕೇ ಒಂದು ಚಾನೆಲ್. ಹೆಸರಿಗೂ ಖರಖರ ಇಲ್ಲ.

‘ಕೇಳಿ ಬಂದ್ರೇನು?’ ಎಂದು ಕಿವಿ ಮುಟ್ಟಿ ತೋರಿಸಿ ಕೇಳಿದೆ.

‘ಎಲ್ಲಿ ಕೇಳೂದು, ಕರೆಂಟ್ ಹೋಗಿತ್ತು. ಬರೇ ನೋಡಿ ಬಂದ್ನಿ.’

ನೋಡಿಯೇ ಇಷ್ಟು ಖುಷಿ! ಬೆಲೆ ನನ್ನ ತಿಂಗಳ ಪಗಾರದ ಹತ್ತಿರ ಬರುತ್ತಿತ್ತು. ಮೇಲೆ ವರ್ಷ ವರ್ಷವೂ ಚಂದಾ. ನನಗೆ ಅದಲ್ಲ ಚಿಂತೆ. ತಂದ ಮೇಲೆ ಅದರಲ್ಲೂ ಗುಂಯ್ ಎಂದರೆ ಏನು ಗತಿ? ಈಗ ತಪ್ಪು ಹೊರಲು ಹಳೆಯ ಡಬ್ಬಿ ಇತ್ತು. ಹೊಸದು ಬಂದರೆ ತಪ್ಪು ಯಾರ ಮೇಲೆ ಹಾಕುವುದು? ಒಂದು ವಾರ ಯೋಚಿಸಿದೆ. ಹೇಳೋಣ ಎಂದು ಎರಡು ಸಲ ಬಾಯಿ ತೆರೆದೆ, ತಾಟು ಸರಿಸಿದ್ದು ನೆನಪಾಗಿ ಮುಚ್ಚಿಕೊಂಡೆ. ಕಡೆಗೆ ಅವರೇ, ‘ರವಿವಾರ ಹುಬ್ಬಳ್ಳಿಗೆ ಹೋಗೂಣು. ಕೇಳೂಣು. ಛಲೋ ಅನಿಸಿದ್ರ ತರೂಣು’ ಎಂದರು. ಆಗಲಿ ಎಂದು ತಲೆಯಾಡಿಸಿದೆ.

ಹುಬ್ಬಳ್ಳಿಯ ಅಂಗಡಿಯವನು ಕರಿ ತಟ್ಟೆಯನ್ನು ಹೊರಗಿನ ಮೆಟ್ಟಿಲ ಮೇಲೆ ಆಕಾಶಕ್ಕೆ ಮುಖಮಾಡಿ ಇಟ್ಟು, ವೈರು ಸಿಕ್ಕಿಸಿ, ಗುಂಡಿ ಒತ್ತಿದ. ಯಾರೋ ಹೆಂಗಸು ಹಾಡುತ್ತಿದ್ದಳು. ಏನು ಹೇಳಲಿ, ಅವಳು ಉಸಿರು ಎಳೆದುಕೊಳ್ಳುವುದೂ ಕೇಳಿಸುತ್ತಿತ್ತು. ಎರಡು ನಿಮಿಷ ನನ್ನ ಸೊಂಟದ ನೋವು ಮರೆತೆ.

‘ಜರಾ ದೊಡ್ಡದ ಮಾಡ್ರಿ’ ಎಂದರು ಇವರು. ಅವನು ಮಾಡಿದ. ‘ಇನ್ನಷ್ಟ ಮಾಡ್ರಿ.’ ಮಿಕ್ಸರ್ ಕೊಳ್ಳಲು ಬಂದಿದ್ದ ಹೆಂಗಸು ಕಿವಿ ಮುಚ್ಚಿಕೊಂಡಳು. ಇವರು ರೇಡಿಯೋದ ಹತ್ತಿರ ಬಗ್ಗಿ, ಹುಬ್ಬು ಗಂಟಿಕ್ಕಿ, ‘ಆವಾಜ ಐತಿ. ಆದ್ರ ಗುಂಯ್ ಅನ್ನೂದು ಇದರಾಗೂ ಐತಿ’ ಎಂದರು.

‘ಇದು ಡಿಜಿಟಲ್ ಐತ್ರಿ ಯಜಮಾನ್ರ. ಬಂದ್ರ ಪೂರಾ ಸ್ವಚ್ಛ ಬರತೈತಿ, ಇಲ್ಲಂದ್ರ ಬರೂದ ಇಲ್ಲ. ನಡುವ ಗುಂಯ್ ಅನ್ನೂ ಮಾತ ಇಲ್ರಿ’ ಎಂದು ಅಂಗಡಿಯವನು ಹಾಡಿನ ಮೇಲೆ ದನಿ ಏರಿಸಿ ಕೂಗಿದ.

‘ಹಂಗಾರ ನಾ ಏನ್ ಸುಳ್ಳ ಹೇಳಾಕತ್ತೇನೇನು?’

ಅಂಗಡಿಯವನು ವಾದ ಮಾಡಲಿಲ್ಲ. ಬೇರೆ ವೈರು ಹಾಕಿ ನೋಡೋಣವೆಂದು ಗುಂಡಿ ಒತ್ತಿ ಆರಿಸಿ, ಹಳೆಯ ವೈರು ಕಿತ್ತು ಕೈಯಲ್ಲಿ ಹಿಡಿದ. ಅಂಗಡಿ ಗಪ್ಪಾಯಿತು. ಆಗ ಇವರು ಬೆರಳೆತ್ತಿ ಗೆದ್ದವರಂತೆ ಹೇಳಿದರು: ‘ಈಗ ಕೇಳ್ರಿ! ಹಾಡ ನಿಂತೈತಿ, ಗುಂಯ್ ಅನ್ನಾಕತ್ತೈತಿಲ್ಲ?’

ಅಂಗಡಿಯವನು ನನ್ನ ಮುಖ ನೋಡಿದ. ಇವರು ಅವನನ್ನು ನೋಡಿದರು, ಅವನ ಕೈಯಲ್ಲಿದ್ದ ವೈರು ನೋಡಿದರು, ದೀಪ ಆರಿದ್ದ ರೇಡಿಯೋ ನೋಡಿದರು. ಬೆರಳು ಮೆಲ್ಲಗೆ ಕೆಳಗಿಳಿಯಿತು.

‘ವಿಚಾರ ಮಾಡಿ ಬರತೇವ್ರಿ’ ಎಂದು ಹೊರಗೆ ಬಂದರು.

ಧಾರವಾಡದ ಬಸ್ಸಿನಲ್ಲಿ ಕಿಟಕಿಯ ಕಡೆ ಕೂತರು. ಉಣಕಲ್ ಕೆರೆ ದಾಟಿತು. ಆಮೇಲೆ, ‘ಆ ರಿಪೇರಿ ಮಾಡಾಂವಗ ಗೊತ್ತಿತ್ತೇನು?’ ಎಂದರು. ಹೌದೆಂದು ತಲೆಯಾಡಿಸಿದೆ. ‘ನಿನಗ?’ ಅದಕ್ಕೂ ತಲೆಯಾಡಿಸಿದೆ. ಈಗ ಬಂತು ನೋಡು ಸಿಟ್ಟು ಎಂದು ಸೆರಗು ಬಿಗಿದು ಕೂತೆ. ಬರಲಿಲ್ಲ. ಸತ್ತೂರಿನ ಆಸ್ಪತ್ರೆ ಬಂದಾಗ ನಾನು ಅತ್ತ ಬೆರಳು ತೋರಿಸಿ, ನಾಳೆ, ಎಂದು ಸನ್ನೆ ಮಾಡಿದೆ. ‘ಆತು’ ಎಂದುಬಿಟ್ಟರು! ಎರಡು ವರ್ಷ ನಾನು ಅಂಜಿದ್ದು ಇಷ್ಟಕ್ಕೇ.

ಅವರೇ ಮತ್ತೆ ಮಾತು ತೆಗೆದರು. ‘ನಾ ಬ್ಯಾರೇನ ತಿಳಕೊಂಡಿದ್ನಿ. ಪಗಾರ ನಿಂತ ಗಂಡನ ಕೂಡ ಏನ್ ಮಾತು ಅಂತ ನೀ ಮಾತಾಡೂದ ಬಿಟ್ಟಿ ಅನ್ಕೊಂಡಿದ್ನಿ. ಮನಿ ಭಣ ಭಣ ಅನ್ನತಿತ್ತು. ಅದಕ್ಕ ಆ ರೇಡಿಯೋ ಬೇಕಾಗಿತ್ತು.’ ಹೇಳುತ್ತ ಹೇಳುತ್ತ ಅವರ ಮುಖ ಅರಳಿತು. ‘ನೀ ಮಾತಾಡತಿದ್ದಿ. ನನಗ ಕೇಳಸ್ತಿರಲಿಲ್ಲ ಅಷ್ಟ. ಹೌದಿಲ್ಲ?’

ಶಿವನೇ! ಕಿವುಡಾದವರು ಅವರು, ಮೂಕಿಯಾದವಳು ನಾನು. ಅದನ್ನು ಹೇಗೆ ಹೇಳಲಿ?

‘ಹೌದ್ರಿ’ ಎಂದೆ. ಕೇಳಿಸಲಿಲ್ಲ. ‘ಆಂ?’ ಎಂದು ಕಿವಿ ಹತ್ತಿರ ತಂದರು.

‘ಹೌದ್ರೀ! ದಿನಾ ಮಾತಾಡತಿದ್ನಿ!’ ಎಂದು ಕೂಗಿದೆ. ಇಡೀ ಬಸ್ಸು ತಿರುಗಿ ನೋಡಿತು. ಕಂಡಕ್ಟರ್ ನಕ್ಕ. ಇವರೂ ನಕ್ಕರು, ಅದೆಷ್ಟು ದಿನದ ಮೇಲೋ.

‘ಏನ್ ಮಾತಾಡತಿದ್ದಿ?’ ಎಂದು ಕೇಳಿದರು.

ಅವರ ಕಡೆ ಸರಿದು ಕೂತೆ. ಆಮೇಲೆ, ನಮ್ಮ ಹೆಡ್‌ಮಾಸ್ತರರು ಹಾಜರಿ ಪುಸ್ತಕ ಎಲ್ಲೋ ಇಟ್ಟು ಮರೆತು ನಮ್ಮೆಲ್ಲರ ಮೇಲೆ ಹರಿಹಾಯ್ದಿದ್ದರಲ್ಲ, ಹಿಂದಿನ ವರ್ಷದ ಕಥೆ, ಅಲ್ಲಿಂದ ಶುರು ಮಾಡಿದೆ. ಅವರ ಕಿವಿಗೆ ಬಾಯಿ ಹಚ್ಚಿ, ಗಂಟಲು ಹರಿದುಕೊಂಡು, ಒಂದೊಂದೇ ಹೇಳುತ್ತ ಹೋದೆ. ಲಕಮನಹಳ್ಳಿ ಬಂತು, ಹೋಯಿತು. ಅವರು ಕಾರ್ಖಾನೆಯ ಕಡೆ ತಿರುಗಿ ನೋಡಲಿಲ್ಲ. ಧಾರವಾಡ ಬರುವಷ್ಟರಲ್ಲಿ ನನ್ನ ದನಿ ಪೂರ್ತಿ ಕೂತಿತ್ತು, ಹೇಳಬೇಕಾದದ್ದು ಇನ್ನೂ ಒಂದು ವರ್ಷದ್ದು ಬಾಕಿ ಇತ್ತು.