ಕಿನುಯೊ ಕಲಿತ ಸಾಂಬಾ

ಮೂವತ್ತೊಂದು ವರ್ಷ ಕಿನುಯೊ ಬಾರಿಸಿದ್ದು ಚಿಕ್ಕ ನಗಾರಿಯನ್ನು ಮಾತ್ರ. ಜಪಾನಿನ ಹಮಾಮಾತ್ಸು ಕಡೆಯ ಆ ಬೆಸ್ತರ ಊರಿನ ಬೇಸಿಗೆ ಹಬ್ಬದಲ್ಲಿ ದೊಡ್ಡ ತೈಕೊ ನಗಾರಿ ಗಂಡಸರದು. ಅವರ ಅಬ್ಬರದ ಕೆಳಗೆ ಲಯ ಕಾಯುವುದು ಅವಳ ಪಾಲು. ಅದಕ್ಕಾಗಿ ಅವಳು ಕೊರಗಿದವಳೇನಲ್ಲ.

ಆದರೆ ಗಂಡಸರು ಒಬ್ಬೊಬ್ಬರಾಗಿ ಕಡಿಮೆಯಾದರು. ಅವಳಿಗೆ ಐವತ್ತೆಂಟಾದ ವರ್ಷ ಉಳಿದವರು ಇಬ್ಬರೇ, ಅವಳು ಮತ್ತು ಎಂಬತ್ತು ದಾಟಿದ ಗುರು ಗೆನ್ಸಾಕು. ಗುರುವಿನ ಭುಜ ಮೇಲೇಳುತ್ತಿರಲಿಲ್ಲ. ಮೀನಿನ ಕಾರ್ಖಾನೆಯಲ್ಲಿ ಅವಳ ಜೊತೆ ಕೆಲಸ ಮಾಡುವ ಬ್ರೆಜಿಲ್‌ನ ಜುರಾಂದಿರ್, ಭಾನುವಾರಗಳಲ್ಲಿ ತನ್ನವರ ಸಾಂಬಾ ಕುಣಿತದ ಮೇಳಕ್ಕೆ ದೊಡ್ಡ ಡೋಲು ಬಾರಿಸುತ್ತಿದ್ದ. ಅವಳು ಅವನನ್ನೇ ಕರೆತಂದಳು.

ಅಭ್ಯಾಸದ ಮೊದಲ ದಿನವೇ ಜಗಳ. ಮಟ್ಟಿನ ನಡುವೆ ಕಿನುಯೊ ಕೋಲೆತ್ತಿ ಹಾಗೇ ನಿಂತಳು.

"ಯಾಕಕ್ಕಾ, ನಿಲ್ಲಿಸ್‌ಬಿಟ್ರಿ? ಮರ್ತೋಯ್ತಾ?" ಎಂದ ಜುರಾಂದಿರ್.

"ನಿಲ್ಲಿಸಿಲ್ಲ ಕಣಯ್ಯ. ಬಾರಿಸ್ತಾನೇ ಇದೀನಿ."

"ಕೈನೇ ಆಡ್ತಿಲ್ವಲ್ಲ!"

"ಸುಮ್ನಿರೋದೂ ಬಾರಿಸೋದೇ. ಖಾಲಿ ಕಂಡಲ್ಲೆಲ್ಲ ನುಗ್ಗಬೇಡ."

ಗೆನ್ಸಾಕು ಎದ್ದು ನಿಂತರು. "ಇದು ದೇವರಿಗೆ ಬಾರಿಸೋದು. ಕುಣಿಯೋದಕ್ಕಲ್ಲ."

"ನಮ್ಮ ಕಡೆ ದೇವ್ರೂ ಕುಣೀತಾವೆ ತಾತ," ಎಂದ ಜುರಾಂದಿರ್.

ಗುರು ಮತ್ತೆ ಅಭ್ಯಾಸಕ್ಕೆ ಬರಲಿಲ್ಲ.

ಮರುದಿನ ಕಾರ್ಖಾನೆಯಲ್ಲಿ ಇಬ್ಬರೂ ಮೀನಿನ ತೊಟ್ಟಿಗೆ ಕೈ ಹಾಕಿದರು. 'ಯೊಯ್‌ಶೋ' ಎಂದು ಕೂಗಿ ಎತ್ತಿದರು. ತೊಟ್ಟಿ ಇಳಿಸಿದ ಮೇಲೆ ಕಿನುಯೊ ಕೇಳಿದಳು: "ಕೂಗಿದ್ವಿ, ಎತ್ತಿದ್ವಿ. ನಡುವೆ ಏನು ಮಾಡ್ದೆ?"

"ಏನೂ ಇಲ್ಲ. ಉಸಿರು ಬಿಗಿಹಿಡಿದಿದ್ದೆ."

"ಅದನ್ನ ಬಾರಿಸು."

ಅವನು ತಲೆ ಕೆರೆದುಕೊಂಡ. ಆಮೇಲೆ ಆ ಇಡೀ ವಾರ ಖಾಲಿ ಜಾಗದಲ್ಲಿ ಕೈ ತಡೆದ.

ಈಗ ಅವನ ಸರದಿ. "ಅಕ್ಕಾ, ನಿಮ್ಮ ಕಾಲಿಗೇನು ಮೊಳೆ ಹೊಡ್ದಿದಾರಾ?" ಎಂದು ಅವಳನ್ನು ಬಂದರಿನ ಉದ್ದಕ್ಕೂ ನಡೆಸಿದ, ಸೊಂಟ ಸಡಿಲ ಬಿಟ್ಟು, ಹಿಮ್ಮಡಿ ಎತ್ತಿ. ನೆಲಕ್ಕೆ ಕಾಲೂರಿ ನಿಲ್ಲುವುದನ್ನೇ ಕಲಿತಿದ್ದ ಅವಳಿಗೆ ನಾಚಿಕೆಯಾಯಿತು. ಬಲೆ ಹೆಣೆಯುತ್ತಿದ್ದ ಹೆಂಗಸರು ನಕ್ಕರು. ಮೂರನೆಯ ಸಂಜೆ ಅವಳೂ ನಕ್ಕಳು. ಇಷ್ಟು ವರ್ಷ ತೋಳುಗಳಷ್ಟೇ ಬಾರಿಸುತ್ತಿದ್ದವೇ ಎಂದು ಅವಳಿಗೇ ಆಶ್ಚರ್ಯವಾಯಿತು.

ಹಬ್ಬದ ಮಧ್ಯಾಹ್ನ ಕಿನುಯೊ ದೊಡ್ಡ ತೈಕೊದ ಮುಂದೆ ನಿಂತಳು. ಹಳೆಯ ಮಟ್ಟನ್ನು ಮೊದಲು ಒಬ್ಬಳೇ, ಒಂದು ಪೆಟ್ಟೂ ಬದಲಿಸದೆ ಮುಗಿಸಿದಳು. ಮತ್ತೆ ಶುರುಮಾಡಿದಾಗ ಕೆಳಗಿನಿಂದ ಜುರಾಂದಿರ್‌ನ ಡೋಲು ಏರಿಬಂತು. ಲಯವನ್ನು ಬೇರೆ ಯಾರೋ ಹಿಡಿದಿದ್ದಾರೆ ಎಂಬುದು ಅವಳಿಗೆ ಹೊಸದು. ಹಗುರಾಯಿತು, ಭಯವೂ ಆಯಿತು. ಮೌನದ ಜಾಗ ಬಂದಾಗ ಇಬ್ಬರ ಕೋಲುಗಳೂ ಗಾಳಿಯಲ್ಲಿ ನಿಂತವು.

ಮರುದಿನ ಗೆನ್ಸಾಕು ಅವಳ ಬಾಗಿಲಿಗೆ ಬಂದರು.

"ಎರಡನೇ ಸಲ ಬಾರಿಸುವಾಗ ನೀನು ಲಯ ಬಿಟ್ಟು ಮುಂದೆ ಓಡಿದೆ."

"ನೀವು ಬಂದೇ ಇರ್ಲಿಲ್ವಲ್ಲ ಗುರುಗಳೇ?"

"ನಮ್ಮನೆ ಕಿಟಕಿ ತೆಗೆದಿತ್ತು," ಎಂದರು ಗೆನ್ಸಾಕು. "ಆ ಬ್ರೆಜಿಲ್‌ನವನು ಓಡಲಿಲ್ಲ."

ಅವಳು ತಲೆ ಬಗ್ಗಿಸಿ ನಗು ನುಂಗಿಕೊಂಡಳು. "ಮುಂದಿನ ವರ್ಷಾನೂ ಅವನನ್ನ ಕರೀಲಾ?"

"ದೊಡ್ಡ ನಗಾರಿಯ ಚರ್ಮ ಸಡಿಲ ಆಗಿದೆ," ಎಂದರು ಗುರು. "ಅದನ್ನ ಮೊದ್ಲು ಬಿಗಿ ಮಾಡಿಸು." ಚಹಾಕ್ಕೂ ನಿಲ್ಲದೆ ಹೊರಟುಹೋದರು.